ಅಡಿ ಕಲಕಿ ಬಡಿಸಿದ ಅಕ್ಕ

ನಮ್ಮ ಪ್ರಯೋಗಾಲಯಕ್ಕೆ ಅವರು ದಿನಾ ಕೋಟೇಶ್ವರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಪ್ರೋಟೀನಿನಲ್ಲಿ ಫಾಸ್ಫೇಟ್ ಅಂಟಿದ ತುಣುಕುಗಳನ್ನಷ್ಟೇ ಹಿಡಿಯುವ ಪುಟ್ಟ ಮಣಿಗಳಿವೆ. ಆ ಮಣಿ ಬೆರೆತ ನೀರನ್ನು ತಟ್ಟೆಯ ತೊಂಬತ್ತಾರು ಗುಳಿಗಳಿಗೂ ಅಕ್ಕ ಕೈಯಿಂದಲೇ ಹಾಕುತ್ತಿದ್ದರು. ಪ್ರತಿ ಸಲ ಹೀರುವ ಮೊದಲು ಮೂರು ಬಾರಿ ಕಲಕುವುದು ಅವರ ಕ್ರಮ. ಅವರ ಅಪ್ಪಯ್ಯ ಮದುವೆಮನೆಗಳ ಅಡುಗೆಯವರು. ಯಾಕೆ ಕಲಕುತ್ತೀರಿ ಎಂದು ಕೇಳಿದರೆ ಅಕ್ಕನದು ಒಂದೇ ಮಾತು: "ಅಡಿ ಕಲ್ಕದೆ ಬಡ್ಸುಕಾಗ."

ಆಮೇಲೆ ಆ ಕೆಲಸಕ್ಕೆ ಯಂತ್ರ ಬಂತು. ಅದಕ್ಕೆ ಪಾಠ ಹೇಳಿಕೊಟ್ಟವನು ನಾನು. ಅಕ್ಕನನ್ನು ಒಂದು ಮಾತೂ ಕೇಳಲಿಲ್ಲ. ಮೊದಲ ಸಾಲುಗಳ ಫಲಿತಾಂಶ ಚೆನ್ನಾಗಿ ಬಂತು, ಕೊನೆಯವು ಸೊನ್ನೆ. ನಾಲ್ಕು ದಿನ ರಾಸಾಯನಿಕವನ್ನೇ ಬೈದೆ. ಐದನೆಯ ದಿನ ಅಕ್ಕ ಸೊಂಟಕ್ಕೆ ಕೈಯಿಟ್ಟು ಯಂತ್ರದ ಎದುರು ನಿಂತರು.

"ಹ್ವಾಯ್, ಇದ್ ಕಲ್ಕದೆ ಬಡ್ಸುದ್ ಕಾಣಿ. ಮಣಿ ಎಲ್ಲ ಅಡಿಯಂಗೆ ಇತ್ತ್. ಮೊದಲ್ನೇ ಪಂಕ್ತಿಗೆ ಹೋಳ್, ಕಡೆ ಪಂಕ್ತಿಗೆ ಬರೀ ನೀರ್!"

ಅಕ್ಕ ಈಗ ನಿವೃತ್ತರು. ಯಂತ್ರದ ತೋಳು ಮಾತ್ರ ಹೀರುವ ಮೊದಲು ಪ್ರತಿ ಸಲ ಮೂರು ಬಾರಿ ಕಲಕುತ್ತದೆ. "ಎರಡು ಸಾಕಲ್ಲ ಸರ್, ಮೂರು ಯಾಕೆ?" ಎಂದು ಹೊಸಬರು ಕೇಳುತ್ತಾರೆ. ಕೈಪಿಡಿಯಲ್ಲಿ ಅದಕ್ಕೆ ಉತ್ತರವಿಲ್ಲ.

"ನಮ್ಮ ಅಕ್ಕ ಮೂರು ಸಲ ಕಲಕುತ್ತಿದ್ದರು" ಎನ್ನುತ್ತೇನೆ, ಸೊಂಟಕ್ಕೆ ಕೈಯಿಟ್ಟು.