ಅವಳು ಏರುವಾಗ ಇಳಿಯುವ ಲಿಫ್ಟಣ್ಣ

ಬೆಳಕು ಹರಿಯಲು ಇನ್ನೂ ಸ್ವಲ್ಪ ಹೊತ್ತಿದೆ. ಬಾಗಿಲು ಹಾಕಿ ವರ್ಷಗಳೇ ಕಳೆದ ಟೆಲಿಫೋನ್ ಕಚೇರಿಯ ನೆಲಮಹಡಿಯಲ್ಲಿ ಮನುಷ್ಯರನ್ನು ತೂಗುತ್ತಿದ್ದಾರೆ. ಮರದ ತೊಲೆಯೊಂದನ್ನು ನಡುವೆ ಸರಪಳಿಯಿಂದ ನೇತುಹಾಕಿ ತಕ್ಕಡಿ ಮಾಡಿಕೊಂಡಿದ್ದಾರೆ. ಅದರ ಒಂದು ತುದಿಗೆ ಇಪ್ಪತ್ತೈದರ ಹುಡುಗಿ ಜೋತುಬಿದ್ದಿದ್ದಾಳೆ. ಇನ್ನೊಂದು ತುದಿಗೆ ಕಪ್ಪು ಅಂಗಿ ತೊಟ್ಟು ಮುಖಕ್ಕೂ ಕೈಗೂ ಮಸಿ ಬಳಿದುಕೊಂಡ, ಐವತ್ತು ದಾಟಿದ ಗಂಡಸು. ಇಬ್ಬರೂ ಸೊಂಟಪಟ್ಟಿಯಲ್ಲಿ ತೂಗಾಡುತ್ತಾ, ಸಂತೆಗೆ ಬಂದ ಕುಂಬಳಕಾಯಿಗಳ ಹಾಗೆ ಗಂಭೀರವಾಗಿದ್ದಾರೆ. ಹುಡುಗಿಯ ಕಡೆ ತೊಲೆ ವಾಲುತ್ತದೆ. ನಾಟಕದ ನಿರ್ದೇಶಕಿ ಗಂಡಸಿನ ಜೇಬಿಗೆ ಮರಳಿನ ಪುಟ್ಟ ಚೀಲವೊಂದನ್ನು ಇಳಿಸುತ್ತಾರೆ. ಸಾಲದು. ಇನ್ನೊಂದು ಇಳಿಸುತ್ತಾರೆ. ತೊಲೆ ಅಲುಗಿ, ತಡೆದು, ನೆಟ್ಟಗಾಗುತ್ತದೆ.

“ಎರಡೇ ಚೀಲ ಮೇಡಮ್. ಎಣಿಸ್ಕೊಳ್ಳಿ,” ಎನ್ನುತ್ತಾರೆ ಮಸಿ ಮುಖದವರು. ನಿರ್ದೇಶಕಿ ನಗುವುದಿಲ್ಲ. ಎರಡು ತಿಂಗಳ ಆಸ್ಪತ್ರೆ, ಮನೆ, ಮಾತ್ರೆಗಳ ನಂತರ ಇವರು ಹಗ್ಗಕ್ಕೆ ಮರಳುತ್ತಿರುವ ಮೊದಲ ದಿನ ಇದು. ನಿರ್ದೇಶಕಿ ಕಡ್ಡಿ ಮುರಿದಂತೆ ಹೇಳಿದ್ದಾರೆ: ಇಂದು ಮೇಲಿನಿಂದ ಕೆಳಗಿನವರೆಗೆ ಸರಿಯಾಗಿ ಇಳಿದರೆ ಹಗ್ಗ ಇವರದು, ಇಲ್ಲವಾದರೆ ನಾಳೆಯಿಂದ ಮರಳಿನ ಮೂಟೆಯದು.

ಇವರನ್ನು ಎಲ್ಲರೂ ಕರೆಯುವುದು ಲಿಫ್ಟಣ್ಣ ಎಂದು. ಹೆಂಡತಿಯೂ ಸಿಟ್ಟು ಬಂದಾಗ ಹಾಗೆಯೇ ಕರೆಯುತ್ತಾರಂತೆ. ಇದೇ ಕಟ್ಟಡದಲ್ಲಿ ಇಪ್ಪತ್ತೆರಡು ವರ್ಷ ಲಿಫ್ಟಿನೊಳಗೆ ಸ್ಟೂಲು ಹಾಕಿ ಕೂತು, ಬಾಗಿಲು ಎಳೆದು, ಬಂದವರನ್ನು ಎಂಟು ಮಹಡಿಗೂ ಮುಟ್ಟಿಸಿದವರು. ಕಚೇರಿ ಮುಚ್ಚಿತು, ಲಿಫ್ಟಿನ ಡಬ್ಬಿ ಗುಜರಿಗೆ ಹೋಯಿತು, ಅದು ಓಡಾಡುತ್ತಿದ್ದ ಬಾವಿ ಮಾತ್ರ ಉಳಿಯಿತು. ಆ ಬಾವಿಗೆ ಯಾರೂ ಬೀಳದಂತೆ ನೋಡಿಕೊಳ್ಳಲು ಕಾವಲುಗಾರ ಬೇಕಾದಾಗ ಇವರೇ ಸಿಕ್ಕರು. ಹೀಗೆ ಒಂದು ಬಾಗಿಲು ಮುಚ್ಚಿದ ಮೇಲೆ ಎಂಟು ತೂತುಗಳ ಕಾವಲು ಇವರ ಪಾಲಿಗೆ ಬಂತು.

ನಾಟಕದವರು ಜಾಗ ಹುಡುಕುತ್ತಾ ಬಂದದ್ದು ಆಮೇಲೆ. ರಂಗಮಂದಿರ ಬೇಡ, ಊರಿನ ನಡುವೆ ಯಾರೂ ನೋಡದ ಜಾಗ ಬೇಕು ಎಂದರಂತೆ. ಲಿಫ್ಟಣ್ಣ ಟಾರ್ಚು ಹಿಡಿದು ಬಾವಿ ತೋರಿಸಿದರು. ಲಿಫ್ಟು ಮೇಲೆ ಬರುವಾಗ ಎದುರಿಗೆ ಏನು ಇಳಿಯುತ್ತಿತ್ತು ಎಂದು ನಿರ್ದೇಶಕಿ ಕೇಳಿದರು. “ಕಬ್ಬಿಣದ ಗಟ್ಟಿ ಮೇಡಮ್. ಲಿಫ್ಟಿನ ತೂಕಕ್ಕೆ ಸರಿದೂಗೋಕೆ. ಅಷ್ಟು ವರ್ಷ ಅದರ ಜೊತೆ ಓಡಾಡಿದೀನಿ, ಒಂದು ದಿನಾನೂ ಅದರ ಮುಖ ನೋಡಿಲ್ಲ.” ಆ ಮಾತಿನಿಂದಲೇ ಈ ನಾಟಕ ಹುಟ್ಟಿತು ಎಂದು ನಿರ್ದೇಶಕಿ ಹೇಳುತ್ತಾರೆ.

ನಾಟಕದಲ್ಲಿ ಸಂಭಾಷಣೆ ಇಲ್ಲ, ದೇಹವೇ ಎಲ್ಲ. ಪ್ರತಿ ಮಹಡಿಯಲ್ಲೂ ಲಿಫ್ಟಿನ ಬಾಗಿಲಿದ್ದ ಕಡೆ ಸರಳು ಹಾಕಿ, ಅದರ ಹಿಂದೆ ನಾಲ್ಕೈದು ಜನ ಪ್ರೇಕ್ಷಕರನ್ನು ನಿಲ್ಲಿಸುತ್ತಾರೆ. ಬೆಳಗಿನ ಬೆಳಕು ಎಂಟನೇ ಮಹಡಿಯ ಮೇಲಿನ ಕಿಂಡಿಯಿಂದ ಬಾವಿಗೆ ಇಳಿಯತೊಡಗಿದಾಗ ಹುಡುಗಿ ಕೆಳಗಿನಿಂದ ಏರತೊಡಗುತ್ತಾಳೆ. ಗೋಡೆಯ ಮೇಲೆ ಅಡ್ಡಲಾಗಿ ನಡೆಯುತ್ತಾಳೆ, ತಲೆಕೆಳಗಾಗಿ ತೂಗುತ್ತಾಳೆ, ಒಮ್ಮೊಮ್ಮೆ ಬಿದ್ದೇಬಿಟ್ಟಳು ಎನ್ನುವಷ್ಟರಲ್ಲಿ ಗಾಳಿಯಲ್ಲಿ ನಿಂತುಬಿಡುತ್ತಾಳೆ. ಅವಳ ಹಗ್ಗ ಮೇಲಿನ ರಾಟೆಯನ್ನು ಸುತ್ತಿ ಇನ್ನೊಂದು ಕಡೆ ಇಳಿಯುತ್ತದೆ. ಆ ತುದಿಯಲ್ಲಿ, ಎದುರು ಗೋಡೆಯ ಕತ್ತಲಲ್ಲಿ, ಲಿಫ್ಟಣ್ಣ ಇದ್ದಾರೆ. ಅವಳು ಒಂದು ಮಹಡಿ ಏರಿದರೆ ಇವರು ಒಂದು ಮಹಡಿ ಇಳಿಯುತ್ತಾರೆ. ಅವಳು ಬೀಳಬೇಕಾದಾಗ ಇವರು ಏರಬೇಕು, ಅವಳು ನಿಲ್ಲಬೇಕಾದಾಗ ಇವರು ಗೋಡೆಗೆ ಕಾಲೊತ್ತಿ ನಿಲ್ಲಬೇಕು. ಮೊದಲು ಕಬ್ಬಿಣ ಕಟ್ಟಿ ನೋಡಿದ್ದರು. ಅದು ಹುಡುಗಿಯನ್ನು ಬಾವಿಯ ಕೊಡದ ಹಾಗೆ ಎಳೆದುಬಿಟ್ಟಿತ್ತು. ಲಿಫ್ಟಣ್ಣನ ತೂಕ ಅವಳ ತೂಕಕ್ಕೆ ಸರಿಹೋದದ್ದು ಕಾಕತಾಳೀಯ.

ಪ್ರೇಕ್ಷಕರಿಗೆ ಇವರ ವಿಷಯ ಹೇಳುವುದಿಲ್ಲ. ಕತ್ತಲಲ್ಲಿ ಬಟ್ಟೆ ಉಜ್ಜಿದ ಸದ್ದು, ಮುಖಕ್ಕೆ ಸೋಕಿದ ತಣ್ಣನೆಯ ಗಾಳಿ, ಅಷ್ಟೇ ಅವರಿಗೆ ದಕ್ಕುವುದು. “ಏನೋ ಇಳಿದುಹೋಯ್ತು ಕಣೇ” ಎಂದು ಪಿಸುಗುಟ್ಟುವುದನ್ನು ಲಿಫ್ಟಣ್ಣ ದಿನವೂ ಕೇಳಿಸಿಕೊಂಡಿದ್ದಾರೆ. ನಾಲ್ಕನೇ ಮಹಡಿಯಲ್ಲಿ ಇಬ್ಬರೂ ಎದುರುಬದುರಾಗುವಾಗ ಇವರು ಉಸಿರಿನಷ್ಟು ಸಣ್ಣ ದನಿಯಲ್ಲಿ, “ನಾನಿದ್ದೀನಿ, ಹೋಗು ಪುಟ್ಟಿ” ಎನ್ನುತ್ತಾರೆ. ನಿರ್ದೇಶಕಿಗೂ ಗೊತ್ತಿಲ್ಲದ ಮಾತು ಅದು.

ಹೀಗಿರುವಾಗ, ಮಳೆಗಾಲ ಮುಗಿಯುವ ಹೊತ್ತಿಗೆ, ಬೆಳಗಿನ ತಕ್ಕಡಿ ಹುಡುಗಿಯ ಕಡೆ ವಾಲತೊಡಗಿತು. ಅವಳು ಬಡಪಾಯಿ ತಾನೇ ದಪ್ಪಗಾದೆನೆಂದು ರಾತ್ರಿಯೂಟ ಬಿಟ್ಟಳು. ಲಿಫ್ಟಣ್ಣ ಬಾಯಿ ಬಿಡಲಿಲ್ಲ. ಹೆಂಡತಿಯ ಹತ್ತಿರ ಹಳೆ ಕೊಡೆಯ ಬಟ್ಟೆಯಲ್ಲಿ ಸಣ್ಣ ಚೀಲ ಹೊಲಿಸಿಕೊಂಡು, ಮರಳು ತುಂಬಿ, ಮನೆಯಿಂದಲೇ ಒಳಜೇಬಿನಲ್ಲಿಟ್ಟುಕೊಂಡು ಬರತೊಡಗಿದರು. ವಾರಕ್ಕೊಂದು ಚೀಲ, ಆಮೇಲೆ ಎರಡು. ತಕ್ಕಡಿ ನೆಟ್ಟಗೆ ನಿಲ್ಲುತ್ತಿತ್ತು, ಯಾರಿಗೂ ಅನುಮಾನ ಬರಲಿಲ್ಲ.

ಹೆಂಡತಿ ಮನೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡವರು. ಇಂದಿಗೂ ಆ ದಿನಗಳನ್ನು ನೆನೆದು ಹಣೆ ಚಚ್ಚಿಕೊಳ್ಳುತ್ತಾರೆ. “ಒಂದು ಕಡೆ ಇವರ ಪ್ಯಾಂಟಿನ ಸೊಂಟ ಹಿಡಿದು ಚಿಕ್ಕದು ಮಾಡ್ತಾ ಇದ್ದೆ, ಇನ್ನೊಂದು ಕಡೆ ಚೀಲ ಹೊಲಿದು ಕೊಡ್ತಾ ಇದ್ದೆ. ಎರಡೂ ಇದೇ ಕೈ, ಅದೇ ದಾರ. ಆದ್ರೂ ನನ್ನ ಮಂಡೆಗೆ ಹೋಗಲಿಲ್ಲ ನೋಡಿ.”

ಅರ್ಥವಾದದ್ದು ಹಗ್ಗದ ಇನ್ನೊಂದು ತುದಿಗೆ. ಮನುಷ್ಯ ಉಸಿರಾಡಿದರೆ ಹಗ್ಗ ಅಲುಗುತ್ತದೆ ಎನ್ನುತ್ತಾಳೆ ಹುಡುಗಿ. “ಒಂದು ಬೆಳಗ್ಗೆ ಆ ಕಡೆ ಉಸಿರು ಕಮ್ಮಿ, ಭಾರ ಮಾತ್ರ ಅಷ್ಟೇ ಅನ್ನಿಸ್ತು. ಮೈ ಜುಮ್ಮಂತು.” ಕೆಳಗಿಳಿದವಳೇ ಲಿಫ್ಟಣ್ಣನ ಅಂಗಿ ತಡಕಿದಳು. ಜೇಬು, ಸೊಂಟ, ಬೆನ್ನು, ಎಲ್ಲೆಲ್ಲೂ ಮರಳು. ಕಾಲು ಭಾಗ ಮನುಷ್ಯ ಆಗಲೇ ಮರಳಾಗಿದ್ದ. ಅವಳು ಅಲ್ಲೇ ಕೂತು ಅತ್ತಳು. ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆ, ಅದೂ ವಿಪರೀತಕ್ಕೆ ಹೋಗಿದೆ ಎಂದರು. “ಒಳಗೆ ಸಕ್ಕರೆ, ಹೊರಗೆ ಮರಳು. ಇರುವೆಗೂ ತಲೆ ಕೆಡಬೇಕು,” ಎಂದು ಹೆಂಡತಿ ಈಗ ನಗುತ್ತಾರೆ. ಆಗ ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಇವರು ಹಾಸಿಗೆ ಹಿಡಿದ ಮೇಲೆ ನಾಟಕ ನಿಲ್ಲಬಾರದೆಂದು ಇಡೀ ಮೂಟೆ ಮರಳನ್ನೇ ಹಗ್ಗಕ್ಕೆ ಕಟ್ಟಿದರು. ನಿರ್ದೇಶಕಿ ಮೇಲೆ ನಿಂತು ತಡೆಹಗ್ಗ ಹಿಡಿದರು. ಮೊದಲ ಬೆಳಗ್ಗೆ ಹುಡುಗಿ ಬೆವರುತ್ತಾ ಏರಿದಳು. ನಾಲ್ಕನೇ ಮಹಡಿಯಲ್ಲಿ ಮೂಟೆ ಎದುರಾಯಿತು, ಪಕ್ಕದಿಂದ ಹಾದುಹೋಯಿತು. ಆಗ ಅವಳಿಗೆ ಕಿವಿಯ ಹತ್ತಿರವೇ ಕೇಳಿಸಿತು: “ನಾನಿದ್ದೀನಿ, ಹೋಗು ಪುಟ್ಟಿ.” ತಿರುಗಿ ನೋಡಿದರೆ ಮೂಟೆ ಇಳಿದುಹೋಗುತ್ತಿತ್ತು. ಆದರೂ ಹೋದಳು. ಹೋಗು ಎಂದ ಮೇಲೆ ಹೋಗದೆ ಏನು ಮಾಡಲಿ ಎನ್ನುತ್ತಾಳೆ.

ನಾಟಕ ಮುಗಿದು ಜನ ಹೊರಡುವಾಗ, ಐದನೇ ಮಹಡಿಯಲ್ಲಿ ನಿಂತಿದ್ದ ಹಿರಿಯ ಹೆಂಗಸೊಬ್ಬರು ನಿರ್ದೇಶಕಿಯನ್ನು ತಡೆದು ಗದರಿದರು. “ಆ ಕಡೆಯಿಂದ ಇಳಿದ್ರಲ್ಲ ಒಬ್ಬರು, ಅವರಿಗೆ ಹೊಟ್ಟೆಗೇನಾದ್ರೂ ಹಾಕ್ತೀರೋ ಇಲ್ವೋ? ಮೂಳೆ ಎಣಿಸೋ ಹಾಗಿದ್ರು ಪಾಪ.” ನಿರ್ದೇಶಕಿ ನಗಲು ಹೋಗಿ ನಿಲ್ಲಿಸಿದರು. ಇದ್ದಷ್ಟು ದಿನ ಒಬ್ಬರ ಕಣ್ಣಿಗೂ ಬೀಳದ ಮನುಷ್ಯ, ಇಲ್ಲದ ದಿನ ಕಂಡಿದ್ದ.

ಹುಡುಗಿ ಅಲ್ಲಿಂದ ನೇರ ಆಸ್ಪತ್ರೆಗೆ ಓಡಿದಳು. ರಾತ್ರಿಯೆಲ್ಲ ಮಂಚದ ಪಕ್ಕದಲ್ಲೇ ಕೂತಿದ್ದ ಹೆಂಡತಿ ಹೇಳಿದ್ದು ಇಷ್ಟು: ಬೆಳಕು ಹರಿಯುವ ಹೊತ್ತಿಗೆ ಇವರು ನಿದ್ದೆಯಲ್ಲೇ ಅರ್ಧ ಎದ್ದು ಕೂತು “ನಾನಿದ್ದೀನಿ, ಹೋಗು” ಎಂದರು. ಪಕ್ಕದ ಮಂಚದ ರೋಗಿ ಬೆಚ್ಚಿ, “ಎಲ್ಲಿಗೆ ಹೋಗ್ಲಿ?” ಎಂದರಂತೆ.

ಹೆದರಿಕೆಯಾಗಲಿಲ್ಲವೇ ಎಂದು ಕೇಳಿದರೆ ಲಿಫ್ಟಣ್ಣ ಒಪ್ಪಿಕೊಳ್ಳುತ್ತಾರೆ. “ಆಯ್ತು. ದೆವ್ವ ಗಿವ್ವ ಅಂತಲ್ಲ. ಮೂಟೇನೇ ಮಾತಾಡೋದು ಕಲಿತುಬಿಟ್ರೆ ಇನ್ನು ನಾನ್ಯಾಕೆ ಬೇಕು? ಅದಕ್ಕೆ ಸಂಬಳ ಬೇಡ, ಸೂಜಿ ಬೇಡ. ಆವತ್ತಿಂದ ಡಾಕ್ಟರು ಹೇಳಿದ್ದನ್ನ ಎರಡು ಮಾತಾಡದೆ ತಿಂದೆ.”

ಈ ಸುದ್ದಿ ಬಾಯಿಂದ ಬಾಯಿಗೆ ಹಬ್ಬಿದೆ. ಮೊದಲು ಖಾಲಿ ಉಳಿಯುತ್ತಿದ್ದ ಮಹಡಿಗಳಲ್ಲಿ ಈಗ ನಿಲ್ಲಲು ಜಾಗವಿಲ್ಲ. ಬಂದವರು ಹುಡುಗಿಯನ್ನು ಬಿಟ್ಟು ಎದುರು ಗೋಡೆಯ ಕತ್ತಲನ್ನೇ ದಿಟ್ಟಿಸುತ್ತಾರೆ.

ಇಂದು ಲಿಫ್ಟಣ್ಣ ಎಂಟು ಮಹಡಿಯ ಮೆಟ್ಟಿಲನ್ನು ನಿಂತು ನಿಂತು ಹತ್ತುತ್ತಾರೆ. ಹಗ್ಗಕ್ಕೆ ಕೊಕ್ಕೆ ಬೀಳುತ್ತದೆ. ಕಿಂಡಿಯಲ್ಲಿ ಬೆಳಕು ಮೂಡುತ್ತಿದ್ದಂತೆ ಬಾವಿಯ ಆಳದಿಂದ ಬೆಚ್ಚನೆಯ ಗಾಳಿ ಏಳುತ್ತದೆ, ಯಾರೋ ಬಾಯಿ ತೆರೆದ ಹಾಗೆ. ಇವರು ಗೋಡೆಗೆ ಪಾದ ಕೊಟ್ಟು ಇಳಿಯುತ್ತಾರೆ. ಏಳನೇ ಮಹಡಿ ಕಳೆಯುತ್ತದೆ. ಆರರಲ್ಲಿ ಯಾರೋ ಮೊಬೈಲಿನ ದೀಪ ಹಾಕಿಬಿಡುತ್ತಾರೆ. ಮಸಿ ಮುಖದ ಮೇಲೆ ಬೆಳಕು ಬಿದ್ದದ್ದೇ ತಡ, ಒಬ್ಬಳು ಕಿಟಾರನೆ ಕಿರುಚುತ್ತಾಳೆ. ಎಲ್ಲ ಮಹಡಿಗಳ ಕತ್ತುಗಳೂ ಇವರ ಕಡೆ ಹೊರಳುತ್ತವೆ. ಸರಿಯಾಗಿ ಆಗಲೇ ಕೆಳಗೆ ಹುಡುಗಿ ಗೋಡೆ ಬಿಟ್ಟು ಬಾವಿಯ ನಡುವೆ ಎರಡು ಸುತ್ತು ತಿರುಗಿ ನಿಲ್ಲುತ್ತಾಳೆ. ಒಂದು ನರಪಿಳ್ಳೆಯೂ ಅದನ್ನು ನೋಡುವುದಿಲ್ಲ.

ಕಣ್ಣು ಕೋರೈಸಿ ಲಿಫ್ಟಣ್ಣ ಪಾದವಿಡುವ ಜಾಗಕ್ಕೆ ತಡಕಾಡುತ್ತಾರೆ. ಹಗ್ಗ ಅರೆಗಳಿಗೆ ನಿಲ್ಲುತ್ತದೆ. ಹುಡುಗಿ ಅವಸರ ಮಾಡದೆ, ಅದೂ ನಾಟಕದ ಭಾಗವೇ ಎಂಬಂತೆ ಗೋಡೆಗೆ ಬೆನ್ನೊರಗಿಸಿ ಕಾಯುತ್ತಾಳೆ. ದೀಪ ಆರುತ್ತದೆ. ಇವರು ಉಸಿರು ಎಳೆದುಕೊಂಡು ಪಾದ ಸರಿಸುತ್ತಾರೆ. ಐದು, ನಾಲ್ಕು, ಮೂರು ದಾಟಿ, ಕೊನೆಗೆ ನೆಲ ಕಾಲಿಗೆ ಸಿಗುತ್ತದೆ. ಮೇಲೆ, ಕಿಂಡಿಯ ಬೆಳಕಿನಲ್ಲಿ, ಹುಡುಗಿ ಕೈ ಚಾಚಿ ಮರೆಯಾಗುತ್ತಾಳೆ.

ಜನ ಹೋದ ಮೇಲೆ ನಿರ್ದೇಶಕಿ ಇಳಿದು ಬಂದು ಇವರ ಕೈ ಹಿಡಿಯುತ್ತಾರೆ. ಹಗ್ಗ ನಿಮ್ಮದೇ ಎನ್ನುತ್ತಾರೆ. ನೆಲಮಹಡಿಯಲ್ಲೇ ಕಾಯುತ್ತಿದ್ದ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಅದೇ ಸೆರಗಿನಿಂದ ಗಂಡನ ಮುಖದ ಮಸಿ ಉಜ್ಜುತ್ತಾರೆ. ನಿರ್ದೇಶಕಿಗೆ ಇನ್ನೊಂದು ಯೋಚನೆಯೂ ಬಂದಿದೆ. ಜನ ಹೇಗೂ ಲಿಫ್ಟಣ್ಣನನ್ನೇ ಹುಡುಕುತ್ತಾರೆ. ಸಣ್ಣದೊಂದು ದೀಪ ಅವರ ಮೇಲೂ ಬಿಟ್ಟರೆ ಹೇಗೆ? ಇಷ್ಟು ದಿನ ಮರೆಯಲ್ಲಿದ್ದವರು ಒಮ್ಮೆ ಬೆಳಕಿಗೆ ಬರಲಿ.

ಲಿಫ್ಟಣ್ಣ ಜೇಬಿನ ಮರಳಿನ ಚೀಲಗಳನ್ನು ತೆಗೆದು ನೆಲದ ಮೇಲಿಡುತ್ತಾರೆ. ಬೇಡ ಎಂದು ತಲೆಯಾಡಿಸುತ್ತಾರೆ.

“ನಾನು ಕಂಡ್ರೆ ಅವಳು ಹಾರಿದ ಹಾಗೆ ಕಾಣಲ್ಲ ಮೇಡಮ್. ನಾನು ಎಳೆದ ಹಾಗೆ ಕಾಣುತ್ತೆ.”