ಕಳಸೂಬಾಯಿಯ ನೆತ್ತಿಯ ಮೇಲೆ

ನಮ್ಮ ಸಂಖ ಊರಿನ ಕಡೆ ನೆಲವೆಂದರೆ ಹಾಸಿದ ಕಂಬಳಿ. ಎಲ್ಲೋ ಒಂದು ದಿಬ್ಬ ಎದ್ದರೆ ಅದನ್ನೇ ಗುಡ್ಡವೆಂದು ಗೌರವಿಸುವವರು ನಾವು. ಅಂಥ ಊರಿನ ನನ್ನ ಅತ್ತೆ ಗೌರವ್ವ, ತ್ರ್ಯಂಬಕೇಶ್ವರದ ದರ್ಶನಕ್ಕೆಂದು ನಾವು ಹೆಂಗಸರೆಲ್ಲ ಗಾಡಿ ಮಾಡಿಕೊಂಡು ಹೋದಾಗ, ಮಹಾರಾಷ್ಟ್ರದ ಅತಿ ಎತ್ತರದ ಶಿಖರವಾದ ಕಳಸೂಬಾಯಿಯನ್ನೂ ಹತ್ತಿಯೇ ಬರುವೆನೆಂದು ಹಟ ಹಿಡಿದರು. ಉಳಿದವರು ಬುಡದ ಹಳ್ಳಿಯಲ್ಲೇ ಕುಳಿತರು. ಮಾಳಿಗೆಯ ಏಣಿ ಹತ್ತಿದರೂ ತಲೆ ತಿರುಗುವ ನಾನು, ಸೊಸೆಯೆಂಬ ಕಾರಣಕ್ಕೆ ಬೆನ್ನು ಹತ್ತಿದೆ.

ಕಡಿದಾದ ಬಂಡೆಗಳಿಗೆ ಈಗ ಕಬ್ಬಿಣದ ಏಣಿಗಳಿವೆ. ಮೊದಲು ಜನ ಬಿರುಕುಗಳಲ್ಲಿ ಕಾಲೂರಿ, ಸರಪಳಿ ಹಿಡಿದು ತುದಿಯಲ್ಲಿರುವ ಕಳಸೂಬಾಯಿ ದೇವಿಯ ಗುಡಿಗೆ ಏರುತ್ತಿದ್ದರಂತೆ. ಕೊನೆಯ ಏಣಿಯೆದುರು ನಾನು ಬಂಡೆಗೊರಗಿ ನಿಂತುಬಿಟ್ಟೆ.

"ನೀ ಇಲ್ಲೇ ಕುಂದ್ರವಾ, ನಾ ಲಗೂನ ಬರ್ತೀನಿ," ಎಂದು ಅತ್ತೆ ಸೆರಗು ಸಿಕ್ಕಿಸಿ ಏರಿಯೇಬಿಟ್ಟರು. ಅವರ ಹಿಮ್ಮಡಿ ಕಣ್ಮರೆಯಾದದ್ದೇ ತಡ, ಮಂಜು ಕವಿಯಿತು.

"ಅತ್ತೀ! ಎಲ್ಲಿ ಅದೀರಿ?" ಎಂದು ಕೂಗಿದೆ. ಗಾಳಿ ನನ್ನ ದನಿಯನ್ನು ಹೊತ್ತೊಯ್ದಿತು. ಮೇಲೆ ಬಯಲು ಎಷ್ಟಿದೆ, ಅಂಚು ಎಲ್ಲಿದೆ ಎಂಬುದೂ ತಿಳಿಯದ ಮುದುಕಿ. ಇನ್ನು ಹೆದರಲು ಪುರುಸೊತ್ತಿರಲಿಲ್ಲ. ತಣ್ಣನೆಯ ಕಂಬಿ ಹಿಡಿದು, ಮೆಟ್ಟಿಲಿಗೊಮ್ಮೆ "ಅತ್ತೀ" ಎನ್ನುತ್ತ ಹತ್ತಿದೆ.

ಗುಡಿಯ ಮುಂದೆ ಅವರಿರಲಿಲ್ಲ. ಗೋಡೆ ತಡಕುತ್ತ ಹಿಂದೆ ಹೋದರೆ, ಗಾಳಿಗೆ ಮರೆಯಾಗಿ ಕುಳಿತು, ಲಿಂಬು ಸರಬತ್ತು ಮಾರುವ ಹೆಂಗಸಿಗೆ ಶೇಂಗಾ ಹೋಳಿಗೆ ಮುರಿದುಕೊಡುತ್ತ ಮರಾಠಿಯಲ್ಲಿ ಹರಟುತ್ತಿದ್ದಾರೆ! ನಾನು ಅಲ್ಲೇ ಕುಸಿದು ಅತ್ತುಬಿಟ್ಟೆ.

"ಯಾಕವಾ ಅಳ್ತಿ? ಗಾಳ್ಯಾಗ ನೀ ಕೂಗಿದ್ದು ಕೇಳಲಿಲ್ಲ. ಈ ಸರಬತ್ತಿನಾಕಿ ಏನ್ ಹೇಳ್ತಾಳ ಕೇಳಿಲ್ಲಿ. ಕಳಸೂ ಅಂದ್ರ ದೇವಿ ಆಗೂಕಿಂತ ಮೊದಲ ಮನಿಗೆಲಸದ ಹುಡುಗಿ ಅಂತ. ಭಾಂಡಿ ತಿಕ್ಕಾಂಗಿಲ್ಲ, ಕಸಾ ಹೊಡ್ಯಾಂಗಿಲ್ಲ ಅಂತ ಮೊದಲ ಕರಾರು ಮಾಡಿಕೊಂಡೇ ಕೆಲಸಕ್ಕ ಸೇರಿದ್ಲಂತ. ಒಂದಿನ ಅದನ್ನೇ ಮಾಡು ಅಂದ್ರಂತ. ಸಿಟ್ಟಾಗಿ ಇಲ್ಲಿ ಬಂದಾಕಿ, ತಿರುಗಿ ಇಳೀಲೇ ಇಲ್ಲ!"

ಶಿಖರಗಳಿಗೆ ಅರಸರ, ಅಧಿಕಾರಿಗಳ ಹೆಸರು ಅಂಟುವುದನ್ನು ನೀವೂ ಕೇಳಿರುತ್ತೀರಿ, ಗೆಳೆಯರೇ. ಇಡೀ ರಾಜ್ಯದ ನೆತ್ತಿಗೆ ಮಾತ್ರ, ಒಲ್ಲೆನೆಂದು ಎದ್ದುಬಂದ ಕೆಲಸದ ಹುಡುಗಿಯ ಹೆಸರು. 

"ಹಂಗಾರ ನೀವೂ ಇಳಿಯೂದಿಲ್ಲೇನ್ರಿ?" ಎಂದೆ, ಕಣ್ಣೊರೆಸಿಕೊಂಡು ನಗುತ್ತ.

ಅತ್ತೆ ಉಳಿದ ಹೋಳಿಗೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡರು.

"ಇಳೀತೀನಿ. ನೀ ಕೂಗಿಕೋತ ಬಂದಿಯಲ್ಲ. ಪಾಪ, ಆಕಿನ್ನ ಕರೀಲಿಕ್ಕೆ ಯಾರೂ ಬರಲಿಲ್ಲ ಕಾಣಸ್ತದ," ಎಂದು ನನ್ನ ಭುಜ ಹಿಡಿದು ಎದ್ದರು.