ಮೊಬೈಲಿನೊಳಗಿನ ವೀರಗಲ್ಲು

ವಡೋದರದಿಂದ ಸೂರತ್‌ಗೆ ಹೋಗುವ ರೈಲಿನಲ್ಲಿ ಗುರುತು ಪರಿಚಯವಿಲ್ಲದ ಹುಡುಗಿಯೊಬ್ಬಳು ನನ್ನ ಕಾಲುಮುಟ್ಟಿ ನಮಸ್ಕರಿಸಿದಳು. ಯಾಕಿರಬಹುದು, ಊಹಿಸಿ ನೋಡೋಣ?

ಪಕ್ಕದ ಸೀಟಿನಲ್ಲಿ ಕೂತು ಮೊಬೈಲಿನಲ್ಲಿ ಮಾಯಾಲೋಕದ ಆಟವೊಂದನ್ನು ಆಡುತ್ತಿದ್ದಳು. ಗುಹೆಯೊಳಗೆ ಮೂರು ಚಿತ್ರಗಳ ಕಲ್ಲಿನ ಬಾಗಿಲು. ಸರಿಯಾದ ಕ್ರಮದಲ್ಲಿ ಒತ್ತಿದರೆ ತೆರೆಯುತ್ತದೆ, ತಪ್ಪಿದರೆ ತಿಂಗಳಿಡೀ ಆಡಿದ್ದೆಲ್ಲ ಮೊದಲಿನಿಂದ. ಪಾಪ, ಒತ್ತಲು ಹೋಗಿ ಹೋಗಿ ಬೆರಳು ಹಿಂದಕ್ಕೆ ತೆಗೆಯುತ್ತಿದ್ದಳು.

ಇಣುಕಿದೆ. ಕೆಳಗೆ ಯುದ್ಧ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಅರೆ, ನಮ್ಮೂರ ಕೆರೆ ಏರಿಯ ವೀರಗಲ್ಲು!

"ಕೆಳಗಿನಿಂದ ಮೇಲಕ್ಕೆ ಒತ್ತಮ್ಮ" ಎಂದೆ, ನನ್ನ ಮುರುಕು ಹಿಂದಿಯಲ್ಲಿ.

"ಕಾಕಾ, ಇದು ಬೇರೆ ಲೋಕದ ಕಥೆ. ನಿಮಗೆ ಗೊತ್ತಾಗಲ್ಲ."

"ಈ ಲೋಕದಲ್ಲಿ ಸತ್ತ ವೀರರಿಗೆ ನಿಲ್ಲಿಸಿದ ಇಂಥದೇ ಕಲ್ಲಿಗೆ ಒರಗಿ ನಾನು ಕಡಲೆಕಾಯಿ ತಿಂದವನು. ಮೊದಲು ಯುದ್ಧದಲ್ಲಿ ಸಾಯಬೇಕು, ಆಮೇಲಲ್ಲವೇ ಸ್ವರ್ಗ?"

ಕಣ್ಣು ಮುಚ್ಚಿಕೊಂಡು ಒತ್ತಿದಳು. ಬಾಗಿಲು ತೆರೆಯಿತು. "ಗುರೂಜಿ!" ಎನ್ನುತ್ತ ಬಗ್ಗಿದಳು.

ನಾನು ಉಬ್ಬಿಹೋದೆ. ನಾನೂ ಸ್ವಲ್ಪ ಆಡುತ್ತೇನೆಂದು ಮೊಬೈಲ್ ಇಸಿದುಕೊಂಡೆ. ಬಾಗಿಲು ದಾಟಿದ ಎರಡನೇ ಹೆಜ್ಜೆಗೇ ಅವಳ ವೀರ ಹೊಂಡಕ್ಕೆ ಬಿದ್ದು ಸತ್ತ. ಪುಣ್ಯಕ್ಕೆ ಬಾಗಿಲು ಮತ್ತೆ ಮುಚ್ಚಲಿಲ್ಲ.

"ಇವನಿಗೂ ಒಂದು ಕಲ್ಲು ನಿಲ್ಲಿಸಿಬಿಡಿ, ಗುರೂಜಿ" ಎಂದು ಮೊಬೈಲ್ ಕಸಿದುಕೊಂಡಳು.

ನನ್ನ ಗುರುಪಟ್ಟ ಐದು ನಿಮಿಷವೂ ಬಾಳಲಿಲ್ಲ. ಅಂದು ಯಾವ ದಿನ ಗೊತ್ತೇ? ಗುರುಪೂರ್ಣಿಮೆ.